ಮೆಡೂಸಾ ಕಥೆಗೆ ಸ್ವಲ್ಪ ಇಸವಿ ಹಾಕಿ ಸ್ವಾಮೀ

ಮತ್ತೆ ಬಂತು ಅದೇ ರೀಲ್. ಹಿನ್ನೆಲೆಯಲ್ಲಿ ಅಳುಮೋರೆ ಪಿಯಾನೊ, ತೆರೆ ಮೇಲೆ ಎಐ ಬರೆದುಕೊಟ್ಟ ಹಸಿರು ಕಣ್ಣಿನ ಸುಂದರಿ, ಸೊಂಟದಿಂದ ಕೆಳಗೆ ಹಾವಿನ ಬಾಲ. "ಮೂರು ಸಾವಿರ ವರ್ಷ ಹಳೆಯ ಗ್ರೀಕ್ ಪುರಾಣದ ಪ್ರಕಾರ ಮೆಡೂಸಾ ಅಥೀನಾ ದೇವಿಯ ಪೂಜಾರಿಣಿ. ಪೊಸೈಡನ್ ಅವಳ ಮೇಲೆ ಗುಡಿಯಲ್ಲೇ ಅತ್ಯಾಚಾರ ಮಾಡಿದ. ಇನ್ನು ಯಾವ ಗಂಡಸೂ ಮುಟ್ಟದಿರಲಿ ಎಂದು ಅಥೀನಾ ಅವಳಿಗೆ ಹಾವಿನ ಕೂದಲು ಕೊಟ್ಟಳು." ಕೆಳಗೆ ಕಣ್ಣೀರಿನ ಇಮೋಜಿಗಳ ಪ್ರವಾಹ. ಗ್ರೀಕ್ ಮಡಕೆಗಳ ವಿಷಯಕ್ಕೆ ಬಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ ಎಂದು ಗೊತ್ತಿದ್ದೇ ಟ್ಯಾಗ್ ಮಾಡುತ್ತೀರಿ. ಸರಿ, ಏರಿದೆ. ಓದಿ.

ಗುಡಿಯೊಳಗಿನ ಅತ್ಯಾಚಾರ, ಕೂದಲು ಹಾವಾದ ಶಾಪ, ಇವೆರಡನ್ನೂ ಒಟ್ಟಿಗೆ ಹೇಳಿದವನು ಓವಿಡ್. ರೋಮಿನ ಕವಿ, ಬರೆದದ್ದು ಲ್ಯಾಟಿನ್‌ನಲ್ಲಿ, ಕಾಲ ಕ್ರಿ.ಶ. 8ರ ಆಸುಪಾಸು. ಅವನಲ್ಲಿ ಇರುವವರು ನೆಪ್ಚೂನ್ ಮತ್ತು ಮಿನರ್ವ, ಅಂದರೆ ಕಡಲ ದೇವರು ಪೊಸೈಡನ್ ಮತ್ತು ಅಥೀನಾರ ರೋಮನ್ ರೂಪಗಳು. ‘ಮೆಟಮಾರ್ಫಸಿಸ್’ನ ನಾಲ್ಕನೇ ಪುಸ್ತಕದ ಕಟ್ಟಕಡೆಯ ಸಾಲುಗಳನ್ನು ತೆಗೆದು ನೋಡಿ, ಇಡೀ ಪ್ರಸಂಗ ಹತ್ತು ಸಾಲಷ್ಟೇ. ಹೇಳುವವನು ಯಾರು ಗೊತ್ತೇ? ಪರ್ಸಿಯಸ್. ಅವಳ ತಲೆ ಕಡಿದವನೇ! ಅವನ ಮದುವೆ ಊಟದಲ್ಲಿ ಅತಿಥಿಯೊಬ್ಬ "ಅಕ್ಕತಂಗಿಯರಲ್ಲಿ ಅವಳೊಬ್ಬಳಿಗೇ ಯಾಕೆ ಹಾವಿನ ಕೂದಲು?" ಎಂದು ಕೇಳುತ್ತಾನೆ, ಮದುಮಗ ತಾನು ಕೇಳಿದ್ದನ್ನು ಒಪ್ಪಿಸುತ್ತಾನೆ. ಅತ್ಯಾಚಾರ ನಡೆಯುವಾಗ ದೇವಿ ಮುಖ ತಿರುಗಿಸಿ, ತನ್ನ ಏಜಿಸ್ ಕವಚವನ್ನು ಕಣ್ಣಿಗೆ ಅಡ್ಡ ಹಿಡಿದುಕೊಳ್ಳುತ್ತಾಳೆ. ಆಮೇಲೆ ತಪ್ಪಿಗೆ ಶಿಕ್ಷೆಯಾಗದೆ ಹೋಗಬಾರದೆಂದು ಕೂದಲನ್ನು ಹಾವು ಮಾಡುತ್ತಾಳೆ. ಶಿಕ್ಷೆ, ಅದೂ ತಪ್ಪು ಮಾಡದವಳಿಗೆ. ಓವಿಡ್‌ನ ಕುಹಕ ಇರುವುದೇ ಅಲ್ಲಿ. "ರಕ್ಷಣೆಗಾಗಿ ಕೊಟ್ಟಳು" ಎಂಬುದು ನಮ್ಮ ಕಾಲದವರು ಹಚ್ಚಿದ ಮುಲಾಮು. ಪೂಜಾರಿಣಿ ಎಂಬ ಮಾತು ಆ ಹತ್ತು ಸಾಲಿನಲ್ಲಿ ಹುಡುಕಿದರೂ ಸಿಗದು. ಹಾವಿನ ಬಾಲವಂತೂ ಜನಪ್ರಿಯವಾದದ್ದು 1981ರ ಒಂದು ಹಾಲಿವುಡ್ ಚಿತ್ರದಿಂದ!

ಈಗ ಏಳು ಶತಮಾನ ಹಿಂದಕ್ಕೆ ಬನ್ನಿ. ಗ್ರೀಕ್ ಕವಿ ಹೆಸಿಯೋಡ್, ಕ್ರಿ.ಪೂ. 700ರ ಸುಮಾರು. ಅವನ ‘ಥಿಯಾಗನಿ’ಯಲ್ಲಿ ಗಾರ್ಗನ್‌ಗಳು, ಅಂದರೆ ಘೋರ ರಾಕ್ಷಸಿಯರು, ಮೂವರು: ಸ್ಥೆನೊ, ಯುರಿಯಾಲಿ, ಮೆಡೂಸಾ. ತಂದೆ ಫೋರ್ಕಿಸ್, ತಾಯಿ ಕೀಟೊ, ಇಬ್ಬರೂ ಕಡಲಿನವರು. ಅಂದರೆ ಮೆಡೂಸಾ ಹುಟ್ಟಿನಿಂದಲೇ ಗಾರ್ಗನ್. ಅಕ್ಕಂದಿರಿಗೆ ಸಾವಿಲ್ಲ, ಮುಪ್ಪಿಲ್ಲ. ಇವಳಿಗೆ ಮಾತ್ರ ಸಾವಿದೆ. ಪೊಸೈಡನ್ ಅವಳ ಜೊತೆ ಮಲಗಿದ್ದು ಮೆತ್ತನೆಯ ಹುಲ್ಲುಗಾವಲಿನಲ್ಲಿ, ವಸಂತದ ಹೂಗಳ ನಡುವೆ. ಗುಡಿಯಿಲ್ಲ, ಶಾಪವಿಲ್ಲ, ಅಥೀನಾಳ ಸುಳಿವೇ ಇಲ್ಲ. ಆ ಸಾಲುಗಳಲ್ಲಿ ಹಾವಿನ ಕೂದಲೂ ಇಲ್ಲ. ಪರ್ಸಿಯಸ್ ಕತ್ತು ಕಡಿದಾಗ ಒಳಗಿಂದ ಕ್ರಿಸೌರ್ ಮತ್ತು ರೆಕ್ಕೆಯ ಕುದುರೆ ಪೆಗಸಸ್ ಹೊರಗೆ ಹಾರಿದರು, ಅಲ್ಲಿಗೆ ಮುಗಿಯಿತು.

ಪುಸ್ತಕ ಬೇಡ ಎನ್ನುವವರು ಕಾರ್ಫು ದ್ವೀಪದ ವಸ್ತುಸಂಗ್ರಹಾಲಯದ ಫೋಟೊ ನೋಡಿ. ಕ್ರಿ.ಪೂ. 580ರ ಸುಮಾರಿನ ಆರ್ಟೆಮಿಸ್ ಗುಡಿಯ ಮುಂಭಾಗದ ತ್ರಿಕೋನ, ನಟ್ಟನಡುವೆ ಮೂರು ಮೀಟರಿಗೆ ಹತ್ತಿರದ ಗಾರ್ಗನ್. ಎರಡು ಕಾಲು, ಗಟ್ಟಿಮುಟ್ಟಾದ ತೊಡೆ, ಒಂದು ಮಂಡಿ ಬಗ್ಗಿಸಿ ಓಡುವ ಭಂಗಿ, ಸೊಂಟಕ್ಕೆ ಎರಡು ಹಾವು ಹೆಣೆದ ಪಟ್ಟಿ. ಅಗಲ ಮುಖ, ಉಬ್ಬಿದ ಕಣ್ಣು, ಹೊರಚಾಚಿದ ನಾಲಿಗೆ. ಅಕ್ಕಪಕ್ಕದಲ್ಲಿ ಮಕ್ಕಳಾದ ಪೆಗಸಸ್, ಕ್ರಿಸೌರ್ ನಿಂತಿದ್ದಾರೆ. ತಲೆ ಹೋದ ಮೇಲೆ ಹುಟ್ಟಬೇಕಾದ ಮಕ್ಕಳು ತಲೆ ಗಟ್ಟಿಯಾಗಿರುವಾಗಲೇ ಹೇಗೆ ಬಂದರು? ಶಿಲ್ಪಿಗೆ ಅದರ ಚಿಂತೆಯಿಲ್ಲ. ಕಥೆಯ ಮೊದಲೂ ಕೊನೆಯೂ ಒಂದೇ ಕಲ್ಲಿನಲ್ಲಿರಬೇಕು, ಗುಡಿಗೆ ಕೆಟ್ಟದ್ದು ಹತ್ತಿರ ಸುಳಿಯಬಾರದು, ಅಷ್ಟೇ ಅವನ ಕೆಲಸ.

ಈ ಮುಖದ ಉದ್ಯೋಗವೇ ಅದು. ನಮ್ಮಲ್ಲಿ ಕಟ್ಟುತ್ತಿರುವ ಮನೆಗೆ ನಾಲಿಗೆ ಚಾಚಿದ ದೃಷ್ಟಿಗೊಂಬೆ ಕಟ್ಟುವ ಹಾಗೆ ಅವರು ಗುರಾಣಿಗೆ, ಮಾಡಿನ ಅಂಚಿನ ಹೆಂಚಿಗೆ, ಕುಲುಮೆ ಬಾಯಿಗೆ ಗಾರ್ಗನ್ ಮುಖ ಹಾಕುತ್ತಿದ್ದರು. ವೈನ್ ಕುಡಿಯುವ ಅಗಲ ಬಟ್ಟಲಿನ ತಳದಲ್ಲೂ ಬರೆಯುತ್ತಿದ್ದರು. ಬಟ್ಟಲು ಬರಿದಾದಂತೆ ತಳದಿಂದ ಎದ್ದು ಬಂದು ಮುಖಕ್ಕೆ ಮುಖ ಕೊಡುತ್ತಾಳೆ. ಈ ತಮಾಷೆ ಮಾಡಬಲ್ಲ ಜನರ ಕೈಗೆ ಪಿಯಾನೊ ಕೊಟ್ಟು ಕೂರಿಸಿದ್ದೀರಲ್ಲ, ಪುಣ್ಯಾತ್ಮರೇ.

ಹಳೆಯದೋ ಹೊಸದೋ ಎಂದು ಗುರುತಿಸುವುದು ಕಷ್ಟವೇನಲ್ಲ. ಮೊದಲು ಮುಖ ಎತ್ತ ತಿರುಗಿದೆ ನೋಡಿ. ಆ ಕಾಲದ ಮಡಕೆಗಳಲ್ಲಿ ದೇವರು, ವೀರರು, ಕುದುರೆಗಳು ಬಹುತೇಕ ಪಕ್ಕಕ್ಕೆ ತಿರುಗಿರುತ್ತಾರೆ. ಗಾರ್ಗನ್ ಮಾತ್ರ ಮೈ ಪಕ್ಕಕ್ಕಿದ್ದರೂ ಮುಖವನ್ನು ನೇರ ನಿಮ್ಮ ಕಡೆ ಹಿಡಿದಿರುತ್ತಾಳೆ. ಇವಳ ಮುಖ ನೋಡಿದವರು ಕಲ್ಲಾಗುವ ಕಥೆಯನ್ನು ಚಿತ್ರಕಾರ ನೋಡುವವನ ಮೇಲೇ ಪ್ರಯೋಗಿಸಿದ್ದು ಹೀಗೆ, ಮತ್ತು ನನ್ನ ಪ್ರಕಾರ ಇವಳು ಇಪ್ಪತ್ತೇಳು ಶತಮಾನ ಬಾಳಿದ್ದಕ್ಕೆ ಈ ನೇರ ನೋಟಕ್ಕಿಂತ ದೊಡ್ಡ ಕಾರಣವಿಲ್ಲ. ಆಮೇಲೆ ಬಾಯಿ ನೋಡಿ: ಹಂದಿಯ ಕೋರೆ, ನಾಲಿಗೆ, ಕೆಲವೊಮ್ಮೆ ಗಡ್ಡ ಕೂಡ. ಇವು ಇದ್ದರೆ ಹಳೆಯದು. ಆದರೆ ತೀರಾ ಹಳೆಯದಕ್ಕೆ ಈ ಲೆಕ್ಕ ನಡೆಯದು, ಆಗಿನ್ನೂ ಅಚ್ಚು ಕೂಡಿರಲಿಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕ್ರಿ.ಪೂ. 670ರ ಸುಮಾರಿನ ಒಂದು ದೊಡ್ಡ ಮಣ್ಣಿನ ವಾಡೆಯಿದೆ. ಅದರಲ್ಲಿ ಮೆಡೂಸಾಗೆ ಉದ್ದ ಲಂಗ, ಹಿಂದೆ ಕುದುರೆಯ ಮೈ! ಎಲ್ಯೂಸಿಸ್‌ನ ಮಡಕೆಯಲ್ಲಿ ಅವಳ ಅಕ್ಕಂದಿರ ತಲೆ ಕಂಚಿನ ಹಂಡೆಯ ಹಾಗಿದೆ. ಇಂಥ ಕಡೆ ಪರ್ಸಿಯಸ್‌ನನ್ನು ಹುಡುಕಿ. ಲೂವ್ರ್‌ನ ವಾಡೆಯಲ್ಲಿ ಅವನ ಹೆಗಲಿಗೆ ಚೀಲ, ಕತ್ತು ಹಿಂದಕ್ಕೆ ತಿರುಗಿದೆ. ಕಡಿಯುತ್ತಿದ್ದಾನೆ, ನೋಡುತ್ತಿಲ್ಲ.

ಕೋರೆ ಉದುರಿ ಮುಖ ಚೆಲುವಾದದ್ದು ಕ್ರಿ.ಪೂ. 5ನೇ ಶತಮಾನದಲ್ಲಿ. 490ರಲ್ಲೇ ಗ್ರೀಕ್ ಕವಿ ಪಿಂಡಾರ್ ಅವಳನ್ನು ಚೆಂದದ ಕೆನ್ನೆಯವಳು ಎಂದು ಹಾಡಿದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 450-440ರ ಒಂದು ಮಡಕೆಯಿದೆ, ಪಾಲಿಗ್ನೋಟಸ್ ಬರೆದದ್ದು. ಮಲಗಿ ನಿದ್ದೆ ಹೋದ ಸಾಧಾರಣ ಹೆಣ್ಣುಮಗಳು, ಕುತ್ತಿಗೆಗೆ ಬಂದ ಕುಡುಗೋಲು. ನೋಡಿದರೆ ಕರುಳು ಚುರ್ ಎನ್ನುತ್ತದೆ. ಕರುಣೆ ಬೇಕಿದ್ದರೆ ಇಲ್ಲಿಂದ ತೆಗೆದುಕೊಳ್ಳಿ, ಗ್ರೀಕರೇ ಇಟ್ಟುಹೋಗಿದ್ದಾರೆ.

ಗೊತ್ತು, ಈಗ ಯಾರೋ ಬಂದು "ಪುರಾಣಕ್ಕೆ ಮೂಲಪ್ರತಿ ಎಂಬುದೇ ಇಲ್ಲ ಸಾರ್, ಕಾಲಕ್ಕೊಂದು ಕಥೆ" ಎನ್ನುತ್ತಾರೆ. ಯಾರು ಬೇಡ ಎಂದರು? ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅದನ್ನು ಓದಿ ಖುಷಿಪಡುತ್ತೇವೆ, ಪಂಪ ಹೀಗೆ ಬದಲಿಸಿದ ಎನ್ನುತ್ತೇವೆ. ಅದನ್ನೇ ವ್ಯಾಸರ ಹೆಸರಿನಲ್ಲಿ ರೀಲ್ ಮಾಡಿ ಬಿಟ್ಟರೆ ಸುಮ್ಮನಿರುತ್ತೀರಾ? ಬದಲಿಸಿದವನ ಹೆಸರು, ಕಾಲ ಹಾಕಿ ಎಂದಷ್ಟೇ ನಾನು ಕೇಳುತ್ತಿರುವುದು. ಹೆಸರು ಅಳಿಸಿದರೆ ಓವಿಡ್‌ನ ಜಾಣತನವೂ ಹೋಯಿತು, ಕಾರ್ಫು ಶಿಲ್ಪಿಯ ಧೈರ್ಯವೂ ಹೋಯಿತು.

ನಿಜ ಹೇಳಲೇ? ಎಲ್ಲದರಲ್ಲೂ ಓವಿಡ್‌ನ ಆ ಹತ್ತು ಸಾಲೇ ನನಗೆ ಹೆಚ್ಚು ಇಷ್ಟ. ಕಣ್ಣು ಮುಚ್ಚಿಕೊಂಡ ದೇವಿಯನ್ನು ಮರೆಯಲಾಗುವುದಿಲ್ಲ. ಅದಕ್ಕೇ ಅದನ್ನು ಅನಾಥವಾಗಿ ಓಡಾಡಿಸಿದರೆ ಇಷ್ಟು ಸಿಟ್ಟು.

ಇನ್ನು ಇವಳನ್ನು ಬರೀ ಅಳುವ ಪಾತ್ರ ಮಾಡಿದ್ದರಿಂದ ಏನೇನು ಕಳೆದುಹೋಯಿತು ನೋಡಿ. ಅಪೊಲೊಡೋರಸ್‌ನ ಹೆಸರಿನಲ್ಲಿರುವ ಸಂಗ್ರಹದಲ್ಲಿ ಅವಳ ರಕ್ತ ವೈದ್ಯನಾದ ಅಸ್ಕ್ಲಿಪಿಯಸ್ ಕೈಗೆ ಸಿಗುತ್ತದೆ. ಎಡಭಾಗದ ನರದ ರಕ್ತ ಕೊಲ್ಲುತ್ತದೆ, ಬಲಭಾಗದ್ದು ಉಳಿಸುತ್ತದೆ, ಸತ್ತವರನ್ನೂ ಎಬ್ಬಿಸುತ್ತದೆ. ಅವಳ ಕೂದಲಿನ ಒಂದು ಎಳೆಯನ್ನು ಕಂಚಿನ ಪಾತ್ರೆಯಲ್ಲಿಟ್ಟು ವೀರ ಹೆರಾಕ್ಲಿಸ್ ಟೆಜಿಯಾ ಊರಿನ ಹುಡುಗಿಗೆ ಕೊಡುತ್ತಾನೆ. ಶತ್ರು ಬಂದರೆ ಕೋಟೆ ಮೇಲಿಂದ ಮೂರು ಸಲ ಎತ್ತಿ ಹಿಡಿ, ನೀನು ಮಾತ್ರ ಮುಂದೆ ನೋಡಬೇಡ, ಅವರು ಓಡಿಹೋಗುತ್ತಾರೆ. ಇದನ್ನು ಯಾರಾದರೂ ರೀಲ್ ಮಾಡಿದ್ದೀರಾ? ಇಲ್ಲ. ಇದಕ್ಕೆ ಪಿಯಾನೊ ಹೊಂದುವುದಿಲ್ಲ.

ಪರ್ಸಿಯಸ್‌ನ ತಲೆ ಹಿಡಿದು ನಿಂತ ಮೆಡೂಸಾ ಫೋಟೊ ಕಳಿಸಿದವರಿಗೆ: ಅದು ಲುಸಿಯಾನೊ ಗರ್ಬಾಟಿ 2008ರಲ್ಲಿ ಮಾಡಿದ ಶಿಲ್ಪ. 2020ರಲ್ಲಿ ನ್ಯೂಯಾರ್ಕಿನ ಕ್ರಿಮಿನಲ್ ಕೋರ್ಟಿನ ಎದುರಿನ ಪಾರ್ಕಿನಲ್ಲಿ ಅದರ ಕಂಚಿನ ಪ್ರತಿ ನಿಲ್ಲಿಸಿದ್ದರು. ಫ್ಲಾರೆನ್ಸ್‌ನಲ್ಲಿ ಶಿಲ್ಪಿ ಚೆಲ್ಲಿನಿ 1554ರಲ್ಲಿ ನಿಲ್ಲಿಸಿದ, ಮೆಡೂಸಾ ತಲೆ ಎತ್ತಿ ಹಿಡಿದ ಪರ್ಸಿಯಸ್‌ಗೆ ಕೊಟ್ಟ ತಿರುಗೇಟು ಅದು, ಚೆನ್ನಾಗಿಯೂ ಇದೆ. ಕೆಳಗೆ "ಪ್ರಾಚೀನ ಗ್ರೀಕ್ ಪ್ರತಿಮೆ" ಎಂದು ಬರೆದವರು ದಯವಿಟ್ಟು ಎಡಿಟ್ ಮಾಡಿ. ಬಟನ್ ಮೇಲೆ ಬಲಗಡೆ ಮೂರು ಚುಕ್ಕೆಯಲ್ಲಿದೆ.