ನೀರು ಏರಿಗೆ ಹತ್ತುವುದಿಲ್ಲ

ಬೆಳಿಗ್ಗೆ ಕೇಳಿದ ಒಂದು ಮಾತು ಸಂಜೆಯಾದರೂ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಮ್ಮ ಮನೆ ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿದೆ. ಕೆಲಸಕ್ಕೆ ಬಂದವರೆಲ್ಲ ನಮ್ಮ ಕಡೆಯವರೇ. ರಾಯಚೂರು ಜಿಲ್ಲೆಯ ಲಿಂಗಸುಗೂರು, ದೇವದುರ್ಗದ ಕಡೆಯಿಂದ ಗುಳೆ ಬಂದವರು. ಮೊದಲ ದಿನವೇ ನನ್ನ ಮಾತಿನಲ್ಲೇ ಗುರುತು ಹಿಡಿದು "ಯಕ್ಕಾ, ಯಾವೂರು ನಿಮ್ದು?" ಅಂದಿದ್ದ ಹೆಣ್ಣುಮಗಳು ಇವತ್ತು ನೀರಿಗೆ ಬಂದಿದ್ದಳು. ಕೊಡ ತುಂಬಿಕೊಂಡು ಹೋದಳು. ಗೇಟಿನ ಹತ್ತಿರ ನಿಂತಿದ್ದ ಎದುರು ಮನೆಯ ಹಿರಿಯರು ಆಗ ಒಂದು ಮಾತು ಹೇಳಿದರು. ಅವರು ಕೆಟ್ಟವರಲ್ಲ, ನಮ್ಮ ಕಷ್ಟಕ್ಕೆ ಆದವರು. "ಪಾಪ ಅನ್ಸುತ್ತೆ ಮೇಡಂ. ಆದ್ರೆ ನಿಮ್ಮ ಕಡೆ ಜನಕ್ಕೆ ದುಡಿಯೋ ಮನಸ್ಸಿಲ್ಲ. ಅದೇ ಸಿಂಧನೂರಿಗೆ ಆಂಧ್ರದವರು ಬಂದು ಬಂಗಾರ ಬೆಳೆದರಲ್ವಾ?"

ಅವರು ಹೀಗೆ ಹೇಳುತ್ತಿರುವಾಗ ಅವಳು ತಲೆ ಮೇಲೆ ಇಟ್ಟಿಗೆ ಹೊತ್ತು ಮೂರನೇ ಮಹಡಿ ಹತ್ತುತ್ತಿದ್ದಳು.

ನನಗೆ ಆಗ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ಒಂದು ಊರಿನ ಜನರ ಗುಣದ ಬಗ್ಗೆ ಮಾತಾಡುವ ಮೊದಲು ಆ ಊರಿನ ನೆಲ ಯಾವ ಕಡೆ ಇಳಿಜಾರು ಇದೆ ಅಂತ ನೋಡಿ. ಮಳೆ ಎಲ್ಲಿ ಬೀಳುತ್ತೆ, ಕಾಲುವೆ ಎಲ್ಲಿ ಹೋಗುತ್ತೆ ಅಂತ ನೋಡಿ. ಆಮೇಲೆ ಮಾತಾಡಿ.

ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಘಟ್ಟಕ್ಕೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ರಾಯಚೂರಿಗೆ ಬರುವ ಹೊತ್ತಿಗೆ ಅದು ಸುಮಾರು 600. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಎರಡೂ ಘಟ್ಟದ ನೀರನ್ನೇ ಹೊತ್ತು ತರುತ್ತವೆ. ಆದರೆ ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ನಮ್ಮ ಹೊಲ ದಿಬ್ಬದ ಮೇಲಿದೆ. ಬಾವಿ ತೋಡಿದರೆ ಕೆಳಗೆ ಬಂಡೆ. ಎರಡು ನದಿಗಳ ನಡುವೆ ಹುಟ್ಟಿಯೂ ಆಕಾಶ ನೋಡುತ್ತಾ ಕೂರುವುದು ಅಂದ್ರೆ ಏನು ಅಂತ ಅಲ್ಲಿ ಬೆಳೆದವರಿಗೇ ಗೊತ್ತು.

ಹಾಗಂತ ಅದು ಬರಡು ನೆಲ ಅಂದುಕೊಳ್ಳಬೇಡಿ. ಹಳಗನ್ನಡ ಶಾಸನಗಳು ನಮ್ಮ ನೆಲವನ್ನು ಎಡೆದೊರೆ ಅಂದವು. ಎರಡು ತೊರೆಗಳ ನಡುವಿನ ನಾಡು. ಎಷ್ಟು ಚಂದದ ಹೆಸರು! ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಇದನ್ನು ಬರೆಸಿಕೊಂಡ. ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಇದಕ್ಕಾಗಿ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. 1565ರಲ್ಲಿ ವಿಜಯನಗರ ಬಿದ್ದದ್ದೂ ಇದೇ ಕೃಷ್ಣೆಯ ದಡದ ಕಾಳಗದಲ್ಲಿ. ಬೆಲೆ ಇಲ್ಲದ ನೆಲಕ್ಕೆ ಯಾರಾದರೂ ಅಷ್ಟು ರಕ್ತ ಸುರಿಸುತ್ತಾರಾ?

ಎರೆ ಮಣ್ಣು, ಅಂದ್ರೆ ಕಪ್ಪು ಮಣ್ಣು ಇತ್ತು, ಹತ್ತಿ ಬೆಳೆಯುತ್ತಿತ್ತು. ನೆಲದೊಳಗೆ ಚಿನ್ನವೂ ಇತ್ತು. ಹಟ್ಟಿಯಲ್ಲಿ ಇವತ್ತಿಗೂ ಗಣಿ ನಡೆಯುತ್ತಿದೆ. ಅಲ್ಲೇ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರು ಇರುವ ಶಾಸನ ಸಿಕ್ಕಿತು. ಹುಡುಕಿದವರು ಒಬ್ಬ ಚಿನ್ನದ ಗಣಿಯ ಇಂಜಿನಿಯರ್. ಎಲ್ಲಿಯ ಪಾಟಲಿಪುತ್ರ, ಎಲ್ಲಿಯ ಮಸ್ಕಿ! ಈ ಚಿನ್ನವೇ ಮೌರ್ಯರನ್ನು ಇಲ್ಲಿಗೆ ಎಳೆದು ತಂದಿರಬೇಕು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಅದಕ್ಕೂ ಮೊದಲೇ ಮುದಗಲ್ಲಿನ ಹತ್ತಿರ ಪಿಕ್ಲಿಹಾಳದ ಬಂಡೆಗಳ ಮೇಲೆ ದನ ಮೇಯಿಸುವ ಜನ ತಮ್ಮ ಎತ್ತುಗಳ ಚಿತ್ರ ಬರೆದಿದ್ದರು. ಸಾವಿರಾರು ವರ್ಷ ಜನ ಹುಡುಕಿಕೊಂಡು ಬಂದ ಜಾಗ ಇದು. ಈಗ ಅಲ್ಲಿಂದ ಜನ ಗಂಟುಮೂಟೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಸಿಂಧನೂರಿನ ವಿಷಯಕ್ಕೆ ಬರುತ್ತೇನೆ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆ ದಿಬ್ಬದ ಮಗ್ಗುಲು ಹಿಡಿದು ಹೋಗುತ್ತದೆ. ಕಾಲುವೆಗೂ ಹೊಳೆಗೂ ನಡುವೆ ಇರುವ ಹೊಲಕ್ಕೆ ನೀರು. ಕಾಲುವೆಯ ಮೇಲಿನ ಹೊಲಕ್ಕೆ ಒಂದು ಹನಿಯೂ ಇಲ್ಲ. ಕೆಳಗೆ ಭತ್ತದ ಗದ್ದೆ, ಆಂಧ್ರದಿಂದ ಬಂದ ರೈತರು ನೆಲೆಸಿದ ಸಾಲು ಸಾಲು ಕ್ಯಾಂಪುಗಳು, ರೈಸ್ ಮಿಲ್ಲುಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ತಾಲೂಕಿನಲ್ಲೇ ನೆಲೆ ಕೊಟ್ಟರು. ಇವತ್ತಿಗೂ ಆರ್‌ಎಚ್ (ಅಂದ್ರೆ ಪುನರ್ವಸತಿ) ಕ್ಯಾಂಪ್ ಒಂದು, ಎರಡು ಅಂತಲೇ ಆ ಊರುಗಳ ಹೆಸರು. ನೀರು ಬಂದಲ್ಲಿಗೆ ಜನ ಬಂದರು, ನೀರು ಬಾರದ ಕಡೆಯಿಂದ ಜನ ಹೋದರು. ಇದರಲ್ಲಿ ಸೋಮಾರಿತನ ಎಲ್ಲಿ ಬಂತು?

"ಆಂಧ್ರದವರಿಗೆ ಬೇಸಾಯ ಗೊತ್ತಿತ್ತು, ನಿಮ್ಮವರಿಗೆ ಗೊತ್ತಿರಲಿಲ್ಲ" ಅಂತ ಕೆಲವರು ಕಾಮೆಂಟ್ ಹಾಕುತ್ತೀರಿ, ಗೊತ್ತು. ಒಪ್ಪುತ್ತೇನೆ, ಅವರು ಬೆವರು ಸುರಿಸಿ ದುಡಿದರು. ಆದರೆ ಅವರ ಬೇಸಾಯ ಎಲ್ಲಿಂದ ಬಂತು ಅಂತಲೂ ನೋಡಿ. 1833ರ ಬರದಲ್ಲಿ ಗುಂಟೂರಿನ ಕಡೆ ಜನ ಹುಳುಗಳ ಹಾಗೆ ಸತ್ತರು. ಆಮೇಲೆ ಆರ್ಥರ್ ಕಾಟನ್ ಅನ್ನುವ ಬ್ರಿಟಿಷ್ ಇಂಜಿನಿಯರ್ ಧವಳೇಶ್ವರದಲ್ಲಿ ಗೋದಾವರಿಗೆ ಅಡ್ಡ ಕಟ್ಟಿದ. ಅದು ಮುಗಿದದ್ದು 1852ರಲ್ಲಿ. ಅದರ ಬೆನ್ನಿಗೇ ವಿಜಯವಾಡದಲ್ಲಿ ಕೃಷ್ಣೆಗೂ ಕಟ್ಟಿದರು. ಸಿಂಧನೂರಿಗೆ ಬರುವಾಗ ಆ ರೈತರ ಬೆನ್ನ ಹಿಂದೆ ನೂರು ವರ್ಷದ ಕಾಲುವೆ ನೀರಿತ್ತು. ಅಲ್ಲಿ ಒಂದೆರಡು ಎಕರೆ ಮಾರಿ ಬಂದವರಿಗೆ ಇಲ್ಲಿ ಅದರ ಎಷ್ಟೋ ಪಟ್ಟು ನೆಲ ಸಿಕ್ಕಿತು. ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದು ಬೇರೆ ವಿದ್ಯೆ. ಮಳೆಗಾಲವಿಡೀ ಎರೆ ಹೊಲವನ್ನು ಕುಂಟೆ ಹೊಡೆದು ಹಸನು ಮಾಡುವುದು, ಮಣ್ಣಿನೊಳಗೆ ತೇವ ಹಿಡಿದಿಡುವುದು, ಹಿಂಗಾರಿಗೆ ಬಿಳಿಜೋಳ ಬಿತ್ತುವುದು. ಆಮೇಲೆ ಮಳೆ ಬಾರದಿದ್ದರೂ ಆ ತೇವದಲ್ಲೇ ಬೆಳೆ ತೆಗೆಯುವುದು. ಇದನ್ನು ದಡ್ಡತನ ಅನ್ನಬೇಡಿ, ದಯವಿಟ್ಟು.

ಒಂದು ವಿಷಯ ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಪಿಯುಸಿ ಓದುವಾಗ ನಾನೂ ಇದೇ ಮಾತು ಆಡಿದ್ದೆ. ಕಾಲುವೆ ಕೆಳಗಿನ ನಮ್ಮ ಬೀಗರು ಟ್ರ್ಯಾಕ್ಟರ್ ತಂದಿದ್ದರು, ಮಾಳಿಗೆ ಮನೆ ಕಟ್ಟಿದ್ದರು. "ನಿಮ್ಮ ಕೈಲಿ ಯಾಕೆ ಆಗಲಿಲ್ಲ?" ಅಂತ ಅಪ್ಪನ ಮುಖಕ್ಕೇ ಕೇಳಿದ್ದೆ. ಅಪ್ಪ ಸಿಟ್ಟಾಗಲಿಲ್ಲ. ಮರುದಿನ ಸೈಕಲ್ ಮೇಲೆ ಕೂರಿಸಿಕೊಂಡು ಕಾಲುವೆ ದಂಡೆಗೆ ಕರೆದುಕೊಂಡು ಹೋದರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬಿರುಕು ಬಿಟ್ಟ ಹೊಲ. ಸ್ವಲ್ಪ ಹೊತ್ತು ನೋಡಿ ಇಷ್ಟೇ ಅಂದರು: "ನೀರು ಏರಿಗೆ ಹತ್ತಂಗಿಲ್ಲವ್ವಾ."

ಅಪ್ಪ ಈಗಿಲ್ಲ. ಅವತ್ತು ತಪ್ಪಾಯ್ತು ಅಂತ ನಾನು ಹೇಳಲಿಲ್ಲ. ಬೆಳಿಗ್ಗೆ ಆ ಹಿರಿಯರ ಮಾತು ನನಗೆ ಅಷ್ಟು ಚುಚ್ಚಿದ್ದು ಅದಕ್ಕೇ ಇರಬೇಕು.

ಎಷ್ಟೋ ವರ್ಷದ ಮೇಲೆ ನಾರಾಯಣಪುರ ಬಲದಂಡೆ ಕಾಲುವೆ ಬಂದು ನಮ್ಮ ತಾಲೂಕಿನ ಕೆಲವು ಊರಿಗೂ ಕೃಷ್ಣೆಯ ನೀರು ಸಿಕ್ಕಿತು. ನಮ್ಮೂರಿಗೆ ಸಿಗಲಿಲ್ಲ. ಪಕ್ಕದ ಸೈಟಿನ ಹೆಣ್ಣುಮಗಳ ಊರಿಗೂ ಸಿಕ್ಕಿಲ್ಲವಂತೆ. ಮಧ್ಯಾಹ್ನ ಹೋಗಿ ಕೇಳಿದೆ. ಮೂರು ಎಕರೆ ಎರೆ ಹೊಲ ಇದೆಯಂತೆ. ಇಬ್ಬರು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. "ಈ ಸಲ ಹಿಂಗಾರಿ ಚಲೋ ಆದ್ರ ಜೋಳ ಬಿತ್ತಾಕ ಹೋಗ್ತೀವಿ ಯಕ್ಕಾ" ಅಂದಳು.

ಭಾನುವಾರ ಎದುರು ಮನೆಯವರನ್ನು ಕಾಫಿಗೆ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ದೊಡ್ಡ ನಕ್ಷೆ, ಮೇಲಿನ ಊರು ಕೆಳಗಿನ ಊರು ಎರಡೂ ಕಾಣುವಂಥದ್ದು, ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಫೋಟೋ ತೆಗೆದು ಕಳಿಸಿ. ಶನಿವಾರದ ಒಳಗೆ ಸಿಕ್ಕರೆ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳುತ್ತೇನೆ.