ಹಲ್ಲು ಎಣಿಸದೆ ಹೋರಿ ಕೊಂಡವರು

2025ರ ಜೂನ್ ತಿಂಗಳ ಕೊನೆ. ಬೆಳಗ್ಗೆ ಒಂಬತ್ತಕ್ಕೇ ರಸ್ತೆ ಕಾದ ಕಾವಲಿ ಆಗಿತ್ತು. ನಾನು ಕಸದ ಡಬ್ಬ ಎಳೆದುಕೊಂಡು ಹೊರಗೆ ಬಂದೆ. ಪಕ್ಕದ ಮನೆಯ ತಾತ ಬೇಲಿ ಹತ್ತಿರ ನಿಂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಆ ಬಿಸಿಲಲ್ಲೂ ಮೈಮೇಲೆ ಉದ್ದ ತೋಳಿನ ದಪ್ಪ ಕಿತ್ತಳೆ ಜೆರ್ಸಿ. ಕೈಯಲ್ಲಿ ನೀರಿನ ಪೈಪು ಇತ್ತು, ನೀರು ಮಾತ್ರ ಗಿಡ ಬಿಟ್ಟು ಅವರ ಚಪ್ಪಲಿ ಮೇಲೆ ಬೀಳುತ್ತಿತ್ತು.

"ಆ ಹುಡುಗನ ಮೊಣಕಾಲು ಹೇಗಿದೆಯಂತೆ?" ಅಂದರು.

ನನ್ನ ಮಗಳು ಹೋದ ವಾರ ಸೈಕಲ್‌ನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಪಾಪ, ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡು "ಪರವಾಗಿಲ್ಲ, ಒಣಗ್ತಾ ಇದೆ" ಅಂದೆ. ತಾತನ ಮುಖದಲ್ಲಿ ಏನೋ ಸಮಾಧಾನ ಕಂಡಿತು. ಆಮೇಲೆ ಗೊತ್ತಾಯಿತು, ಅವರು ಕೇಳಿದ್ದು ಟ್ರೆವರ್ ಝೆಗ್ರಸ್‌ನ ಮೊಣಕಾಲು. ಎರಡು ದಿನದಿಂದ ಫಿಲಡೆಲ್ಫಿಯಾದಲ್ಲಿ 'ಆ ಹುಡುಗ' ಅಂದರೆ ಅವನೊಬ್ಬನೇ.

ಇದು ನಮ್ಮ ಕೊಡಗಿನವರು ಆಡುವ ಹಾಕಿ ಅಲ್ಲ. ಕಾಲಿಗೆ ಬ್ಲೇಡ್ ಕಟ್ಟಿಕೊಂಡು, ಮಂಜುಗಡ್ಡೆ ಮೇಲೆ ಜಾರುತ್ತಾ, ಸಿಕ್ಕವರನ್ನು ಗೋಡೆಗೆ ಅಪ್ಪಳಿಸಿ ಆಡುವ ಹಾಕಿ. ಇಲ್ಲಿಯ ತಂಡದ ಹೆಸರು ಫ್ಲೈಯರ್ಸ್. 2025ರ ಜೂನ್ 23ರಂದು ಈ ತಂಡ ಕ್ಯಾಲಿಫೋರ್ನಿಯಾದ ಅನಹೈಮ್ ಡಕ್ಸ್‌ನಿಂದ 24 ವರ್ಷದ ಫಾರ್ವರ್ಡ್ ಝೆಗ್ರಸ್‌ನನ್ನು ತಂದಿತು. ಬದಲಿಗೆ ರಯಾನ್ ಪೇಲಿಂಗ್ ಎಂಬ ಆಟಗಾರನನ್ನು ಕೊಟ್ಟಿತು. ಜೊತೆಗೆ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಈ ವರ್ಷದ ಡ್ರಾಫ್ಟ್‌ನಲ್ಲಿ 45ನೆಯವನನ್ನು ಆರಿಸುವ ಹಕ್ಕು. ಅದರ ಮೇಲೆ 2026ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಒಬ್ಬ ಹುಡುಗನನ್ನು ಆರಿಸುವ ಹಕ್ಕು.

ಆ ಕೊನೆಯ ಹುಡುಗನನ್ನು ಸ್ವಲ್ಪ ನೆನೆಸಿಕೊಳ್ಳಿ. ಅವನು ಈಗ ಎಲ್ಲೋ ಹೈಸ್ಕೂಲಿನಲ್ಲಿ ಲೆಕ್ಕದ ಹೋಂವರ್ಕ್ ಮಾಡಿಲ್ಲ ಅಂತ ಬೈಸಿಕೊಳ್ಳುತ್ತಿರಬೇಕು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಮಾರಾಟ ಆಗಿದ್ದಾನೆ ಅಂತ ಅವನಿಗೂ ಗೊತ್ತಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ನಮಗೆ ಗೊತ್ತು. ಇವರು ಕುಲಾವಿ ಸಮೇತ ಕೂಸನ್ನೇ ಪಕ್ಕದ ಊರಿಗೆ ಬರೆದುಕೊಟ್ಟಿದ್ದಾರೆ. ಅದಕ್ಕೆ ತಾತ ಹೇಳಿದ್ದೇನು ಗೊತ್ತಾ? "ನಾಲ್ಕನೇ ಸುತ್ತು ಕೊಡಬಾರದಿತ್ತು. ಆ ಹುಡುಗ ಮುಂದೆ ಚೆನ್ನಾಗಿ ಆಡಿಬಿಟ್ಟರೆ?"

ಚಿಕ್ಕವನಿದ್ದಾಗ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಅಜ್ಜನ ಜೊತೆ ಹೋಗಿದ್ದೆ. ಅಲ್ಲಿ ವ್ಯಾಪಾರಕ್ಕೆ ಒಂದು ಮರ್ಯಾದೆ ಇತ್ತು. ದಲ್ಲಾಳಿ ಟವೆಲ್ ಹಾಸಿ, ಅದರ ಒಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದ. ಹೋರಿಗೂ ಕೇಳಿಸಬಾರದು ಅನ್ನುವ ಹಾಗೆ. ಇಲ್ಲಿ ಟವೆಲ್ ಇಲ್ಲ. ಹುಡುಗನ ಸಂಬಳ ವರ್ಷಕ್ಕೆ 57.5 ಲಕ್ಷ ಡಾಲರ್, ಒಪ್ಪಂದದಲ್ಲಿ ಇನ್ನೊಂದೇ ವರ್ಷ ಬಾಕಿ, ಇದೆಲ್ಲ ನನ್ನ ಕಟಿಂಗ್ ಶಾಪಿನವನಿಗೂ ಬಾಯಿಪಾಠ. ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ. ಈ ಆಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಫ್ಲೈಯರ್ಸ್‌ಗೆ 1974 ಮತ್ತು 1975ರಲ್ಲಿ ಈ ಆಟದ ದೊಡ್ಡ ಕಪ್ ಆದ ಸ್ಟಾನ್ಲಿ ಕಪ್ ಗೆದ್ದುಕೊಟ್ಟ ನಾಯಕ ಬಾಬಿ ಕ್ಲಾರ್ಕ್. ಅವರ ಆ ಕಾಲದ ಫೋಟೋ ನೋಡಿ. ಬಾಯ್ತುಂಬ ನಗು, ಮುಂದೆ ಹಲ್ಲೇ ಇಲ್ಲ. ಈ ಊರಲ್ಲಿ ಹಲ್ಲು ಕಮ್ಮಿ ಆದಷ್ಟೂ ರೇಟು ಜಾಸ್ತಿ. ಝೆಗ್ರಸ್‌ಗೆ ನಗುವಾಗ ಹಲ್ಲು ಫಳಫಳ ಅನ್ನುತ್ತವೆ. ತಾತನಿಗೆ ಅದೇ ಮೊದಲ ಅನುಮಾನ.

ಹಲ್ಲು ಎಣಿಸೋಕೆ ಆಗದ್ದಕ್ಕೆ ಊರಿಗೆ ಊರೇ ಕಾಲು ನೋಡುತ್ತಿದೆ. ಒಂದು ಸೀಸನ್‌ಗೆ 82 ಪಂದ್ಯ. ಹುಡುಗ 2023-24ರಲ್ಲಿ ಆಡಿದ್ದು 31. ಮುರಿದ ಪಾದದ ಗಂಟು ಸೇರಿ ಬೇರೆ ಬೇರೆ ಪೆಟ್ಟು. ಅದರ ಮುಂದಿನ ಸಲ 57. ಆಗ ಮೊಣಕಾಲಿನ ಆಪರೇಷನ್. ಗೋಲು ಹೊಡೆದರೂ, ಹೊಡೆಯಲು ಪಾಸ್ ಕೊಟ್ಟರೂ ಇಲ್ಲಿ ಒಂದೊಂದು ಪಾಯಿಂಟ್. ಈ ಪೆಟ್ಟುಗಳಿಗೆ ಮುಂಚೆ ವರ್ಷಕ್ಕೆ 61 ಪಾಯಿಂಟ್, 65 ಪಾಯಿಂಟ್ ಹೊಡೆದವನು ಹೋದ ಸೀಸನ್‌ನಲ್ಲಿ ಮುಟ್ಟಿದ್ದು 32. ಇನ್ನು ಕೊಟ್ಟು ಕಳಿಸಿದ ಪೇಲಿಂಗ್ ಎಷ್ಟು ಹೊಡೆದಿದ್ದ ಅಂತ ನೋಡಿದರೆ 31. ಇಬ್ಬರದೂ ಗೋಲು ಹನ್ನೆರಡೇ ಹನ್ನೆರಡು. ಈ ಒಂದು ಪಾಯಿಂಟಿನ ಮೇಲೆ ಊರಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದ ಪ್ರಕಾರ ನಾವು ಅನಹೈಮ್‌ನವರಿಗೆ ಟೋಪಿ ಹಾಕಿದೆವು. ಇನ್ನೊಂದರ ಪ್ರಕಾರ ಅವರು ನಮಗೆ. ತಾತ ಬೆಳಗ್ಗೆ ಮೊದಲ ಪಕ್ಷ, ಊಟ ಆದ ಮೇಲೆ ಎರಡನೆಯದು.

ಒಂದು ವಿಷಯ ಮಾತ್ರ ಅವರಿಗೆ ಪೂರಾ ಹಿಡಿಸಿತು. ಫೆಬ್ರವರಿಯಲ್ಲಿ ಝೆಗ್ರಸ್ ಡೆಟ್ರಾಯಿಟ್‌ನ ಒಬ್ಬನಿಗೆ ಡಿಕ್ಕಿ ಹೊಡೆದು ಮೂರು ಪಂದ್ಯ ಸಸ್ಪೆಂಡ್ ಆಗಿದ್ದ. ಇದನ್ನು ನಾನೇ ಓದಿ ಹೇಳಿದೆ. ತಾತ ಪೈಪು ಕೆಳಗೆ ಹಾಕಿದರು. "ಮೂರಾ?" ಅಂದರು. ಜಾತಕದಲ್ಲಿ ಗುರುಬಲ ಬಂತು ಅಂತ ಗೊತ್ತಾದಾಗ ಹುಡುಗಿ ಕಡೆಯವರ ಮುಖ ಹೇಗಿರುತ್ತೆ, ಹಾಗಿತ್ತು ಅವರ ಮುಖ.

ಚಿಂತೆ ಇರೋದು ಹುಡುಗನ ಚಂದದ ಆಟದ ಬಗ್ಗೆ. 2021ರ ಡಿಸೆಂಬರ್‌ನಲ್ಲಿ ಬಫಲೋ ತಂಡದ ವಿರುದ್ಧ ಇವನು ಗೋಲಿನ ಹಿಂದೆ ಹೋದ. ಕಾವಲಿಯಿಂದ ದೋಸೆ ಎತ್ತಿದ ಹಾಗೆ ಕೋಲಿನ ತುದಿಯಲ್ಲಿ ಪಕ್ ಅನ್ನುವ ರಬ್ಬರ್ ಬಿಲ್ಲೆ ಎತ್ತಿ, ಬಲೆಯ ಮೇಲಿಂದ ಆಚೆ ಹಾರಿಸಿದ. ಮುಂದೆ ನಿಂತಿದ್ದ ಸನ್ನಿ ಮಿಲಾನೋ ಅದು ಕೆಳಗೆ ಬೀಳುವ ಮುಂಚೆ ಗಾಳಿಯಲ್ಲೇ ಹೊಡೆದು ಗೋಲು ಮಾಡಿದ. ಮಕ್ಕಳೆಲ್ಲ ಕುಣಿದವು. ಹುಡುಗ ವಿಡಿಯೋ ಗೇಮಿನ ಡಬ್ಬದ ಮೇಲೂ ಬಂದ. ಆಗ ಟಿವಿಯಲ್ಲಿ ಕೂತು ಇಂಥ ಆಟ ಹಾಕಿಗೆ ಒಳ್ಳೆಯದಾ ಅಂತ ಮೂಗು ಮುರಿದವರು ಜಾನ್ ಟಾರ್ಟೊರೆಲ್ಲಾ. ಮುಂದಿನ ವರ್ಷ ಫ್ಲೈಯರ್ಸ್ ಯಾರನ್ನು ಕೋಚ್ ಮಾಡಿಕೊಂಡಿತು ಹೇಳಿ? ಹೌದು, ಅವರನ್ನೇ. 2025ರ ಮಾರ್ಚ್‌ನಲ್ಲಿ ಅವರನ್ನು ಕಳಿಸಿತು. ಮೂರು ತಿಂಗಳಲ್ಲಿ ದೋಸೆ ಎತ್ತುವವನನ್ನು ಕರೆಸಿತು. ಮೂಗು ಮುರಿದವರೂ ಬೇಕು, ಮುರಿಸಿದವನೂ ಬೇಕು. ಒಂದೇ ಮನೆಯಲ್ಲಿ ಒಂದೇ ಸಲ ಇರಬಾರದು, ಅಷ್ಟೇ.

ಈಗಿನ ಕೋಚ್ ರಿಕ್ ಟಾಕೆಟ್. ಅವರು ಇವನನ್ನು ನಡುವೆ ಆಡಿಸುತ್ತಾರೋ, ಪಕ್ಕದಲ್ಲೋ ಅನ್ನುವುದು ಇನ್ನೊಂದು ದೊಡ್ಡ ತಲೆಬಿಸಿ. ತಂಡಕ್ಕೆ ಸೆಂಟರ್ ಬೇಕು. ಹೋದ ಸೀಸನ್‌ನಲ್ಲಿ ಬಂದ ರಷ್ಯಾದ ಹುಡುಗ ಮಿಚ್‌ಕೋವ್ 26 ಗೋಲು ಹೊಡೆದ, ಅವನಿಗೆ ಪಕ್ ಕೊಡುವ ಕೈ ಬೇಕು. ಝೆಗ್ರಸ್ ಸೆಂಟರೋ ಅಲ್ಲವೋ ಅಂತ ಅನಹೈಮ್‌ನಲ್ಲೇ ತೀರ್ಮಾನ ಆಗಿರಲಿಲ್ಲ. ಇಲ್ಲಿ ಅದು ಪೆಟ್ರೋಲ್ ಬಂಕ್‌ನಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ದಿನಾ ತೀರ್ಮಾನ ಆಗುತ್ತಿದೆ. ನನ್ನ ದಂತವೈದ್ಯರು ಬಾಯೊಳಗೆ ಎರಡೂ ಕೈ ಇಟ್ಟುಕೊಂಡು "ನಿಮಗೇನು ಅನ್ನಿಸುತ್ತೆ, ಸೆಂಟರಾ, ವಿಂಗಾ?" ಅಂದರು. ನಾನು "ಆಂ" ಅಂದೆ. "ನನಗೂ ಹಾಗೇ ಅನ್ನಿಸೋದು" ಅಂದರು.

ಇದನ್ನೆಲ್ಲ ನಗುತ್ತಾ ಕೇಳಬಹುದು. ನ್ಯಾಯ ಅನ್ಯಾಯದ ಮಾತು ಬಂದರೆ ಮಾತ್ರ ಈ ಊರಿನವರ ಜೊತೆ ಹುಷಾರಾಗಿರಬೇಕು.

2022ರಲ್ಲಿ ಫ್ಲೈಯರ್ಸ್ ಕಟರ್ ಗೋಟಿಯೇ ಎಂಬ ಹುಡುಗನನ್ನು ಐದನೇ ಆಯ್ಕೆಯಾಗಿ ಆರಿಸಿತು. ಅವನು ನಾನು ನಿಮ್ಮಲ್ಲಿ ಆಡಲ್ಲ ಅಂದುಬಿಟ್ಟ. 2024ರ ಜನವರಿಯಲ್ಲಿ ಅವನನ್ನು ಅನಹೈಮ್‌ಗೇ ಕೊಟ್ಟು, ಜೇಮಿ ಡ್ರೈಸ್‌ಡೇಲ್‌ನನ್ನು ತಂದರು. ಈ ಡ್ರೈಸ್‌ಡೇಲ್ ಝೆಗ್ರಸ್‌ನ ಜೀವದ ಗೆಳೆಯ. ಒಂದು ವರ್ಷ ಆದ ಮೇಲೆ ಗೋಟಿಯೇ ಇಲ್ಲಿಗೆ ಆಡೋಕೆ ಬಂದ. ಅವನು ಪಕ್ ಮುಟ್ಟಿದಾಗಲೆಲ್ಲ ಇಡೀ ಕ್ರೀಡಾಂಗಣ ಕೂಗಿ ಕೂಗಿ ಗಂಟಲು ಹರಿದುಕೊಂಡಿತು. ತಾತ ಮೂರು ದಿನ ಶುಂಠಿ ಕಷಾಯ ಕುಡಿದರು. ಕಷಾಯ ಮಾಡಿಕೊಟ್ಟವಳು ನನ್ನ ಹೆಂಡತಿ. "ಅಷ್ಟು ಸಿಟ್ಟು ಯಾಕೆ?" ಅಂತ ಅವಳು ಕೇಳಿದ್ದಕ್ಕೆ, "ಆರಿಸಿದ ತಂಡಕ್ಕೆ ಆಡಲ್ಲ ಅಂತ ಒಬ್ಬ ಹುಡುಗ ಹೇಳೋದಾ? ಸಂಸ್ಕಾರ ಬೇಡ್ವಾ?" ಅಂದರು.

ಹಾಗೆ ಹೇಳುವಾಗ ಅವರ ಮೈಮೇಲಿದ್ದ ಜೆರ್ಸಿಯ ನಂಬರು 88. ಹೆಸರು ಲಿಂಡ್ರೋಸ್.

ಎರಿಕ್ ಲಿಂಡ್ರೋಸ್ ಯಾರು? 1991ರಲ್ಲಿ ಕ್ವಿಬೆಕ್ ತಂಡ ಮೊದಲನೆಯ ಆಯ್ಕೆಯಾಗಿ ಆರಿಸಿದ ಹುಡುಗ. ಆರಿಸಿದ ತಂಡಕ್ಕೆ ಆಡಲ್ಲ ಅಂತ ಹೇಳಿದ ಹುಡುಗ! ಒಂದು ವರ್ಷ ಜಗ್ಗಲಿಲ್ಲ. ಕೊನೆಗೆ ಕ್ವಿಬೆಕ್‌ನವರು ಮಾರಲು ಹೊರಟು, ಒಂದೇ ಹುಡುಗನನ್ನು ಫಿಲಡೆಲ್ಫಿಯಾಕ್ಕೂ ನ್ಯೂಯಾರ್ಕ್ ರೇಂಜರ್ಸ್‌ಗೂ ಇಬ್ಬರಿಗೂ ಮಾರಿಬಿಟ್ಟರು. ನಮ್ಮ ಬೆಂಗಳೂರಿನ ಸೈಟಿನ ಹಾಗೆ. ಪಂಚಾಯ್ತಿ ಮಾಡೋಕೆ ಮಧ್ಯಸ್ಥರು ಬರಬೇಕಾಯಿತು. ಅವರು ಸೈಟು ಫಿಲಡೆಲ್ಫಿಯಾದ್ದು ಅಂದರು. ಖಾತೆ ಮಾಡಿಸಿದ ಖರ್ಚು ಕೇಳಿ: ಆರು ಆಟಗಾರರು, ಎರಡು ಮೊದಲ ಸುತ್ತಿನ ಆಯ್ಕೆ, ಒಂದೂವರೆ ಕೋಟಿ ಡಾಲರ್ ನಗದು. ಆ ಆರು ಜನರಲ್ಲಿ ಮುಂದೆ ದೊಡ್ಡ ಆಟಗಾರನಾದ ಪೀಟರ್ ಫೋರ್ಸ್‌ಬರ್ಗ್ ಒಬ್ಬ. ಕ್ವಿಬೆಕ್ ತಂಡ 1995ರಲ್ಲಿ ಗಂಟುಮೂಟೆ ಕಟ್ಟಿ ಕೊಲೊರಾಡೋಗೆ ಹೋಯಿತು, ಮರುವರ್ಷವೇ ಕಪ್ ಗೆದ್ದಿತು. ಲಿಂಡ್ರೋಸ್ ಇದ್ದ ಫ್ಲೈಯರ್ಸ್ 1997ರ ಫೈನಲ್‌ಗೆ ಹೋಗಿ ನಾಲ್ಕಕ್ಕೆ ನಾಲ್ಕೂ ಸೋತಿತು.

ಆ ಸಂಸ್ಕಾರ ಈ ಸಂಸ್ಕಾರ ಬೇರೆ ಬೇರೆನಾ ಅಂತ ತಾತನನ್ನು ಕೇಳಿದೆ. "ಅವನು ಇಲ್ಲಿಗೆ ಬರೋಕೆ ಹಟ ಮಾಡಿದ. ಇವನು ಇಲ್ಲಿಂದ ಹೋಗೋಕೆ ಮಾಡಿದ" ಅಂದರು. ಇದಕ್ಕಿಂತ ಸ್ಪಷ್ಟವಾದ ಧರ್ಮಸೂಕ್ಷ್ಮವನ್ನು ನಾನು ಹರಿಕಥೆಯಲ್ಲೂ ಕೇಳಿಲ್ಲ.

1975ರ ಕಪ್ ಆದ ಮೇಲೆ ಈ ತಂಡ ಆರು ಫೈನಲ್ ಆಡಿದೆ, ಆರೂ ಸೋತಿದೆ. ಐವತ್ತು ವರ್ಷ. ಹದಿನೆಂಟು ವರ್ಷಕ್ಕೇ ಅಷ್ಟು ಅತ್ತವರು ನಾವು. ಆರ್‌ಸಿಬಿ ಗೆದ್ದ ಸುದ್ದಿ ಹೇಳಿದಾಗ ತಾತ ಕೇಳಿದ್ದು ಒಂದೇ ಪ್ರಶ್ನೆ: "ಗೆದ್ದಾಗ ಹೇಗಿರುತ್ತೆ?" 2020ರ ನಂತರ 2025ರವರೆಗೆ ಇವರ ತಂಡ ಪ್ಲೇಆಫ್ ಮುಖವನ್ನೂ ನೋಡಿರಲಿಲ್ಲ. ಮರುನಿರ್ಮಾಣ ನಡೆಯುತ್ತಿದೆಯಂತೆ. ತಂಡದ ಗೊಂಬೆ ಗ್ರಿಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಆ ಮಾತು ನಿಜ ಅನ್ನಿಸುತ್ತೆ. ಕೆದರಿದ ಕಿತ್ತಳೆ ಕೂದಲು, ಗುಡ್ಡೆ ಹೊರಗೆ ಬಂದ ಕಣ್ಣು. ಕಟ್ಟುತ್ತಿರುವ ಮನೆ ಮುಂದೆ ನಾವು ನೇತುಹಾಕುವ ದೃಷ್ಟಿಬೊಂಬೆಯ ಅಣ್ಣನೇ ಅವನು. 2018ರಲ್ಲಿ ಬಂದ ಈ ಗೊಂಬೆಯನ್ನು ಹೊಗಳಿ ನಗರಸಭೆ ನಿರ್ಣಯ ಬೇರೆ ಮಾಡಿದೆ. ಬೊಂಬೆ ಕಟ್ಟಿ ಏಳು ವರ್ಷ ಆಯಿತು. ತಾರಸಿ ಇನ್ನೂ ಹಾಕಿಲ್ಲ.

ಮೊನ್ನೆ ತಾತ ಮನೆಗೆ ಕರೆದರು. ಬೀರು ತೆಗೆದು ಜೆರ್ಸಿಗಳನ್ನು ತೋರಿಸಿದರು. ನಮ್ಮಲ್ಲಿ ಮದುವೆ ಸೀರೆ ಇಡುವ ಹಾಗೆ ಇಟ್ಟಿದ್ದಾರೆ, ಮಧ್ಯೆ ಮಧ್ಯೆ ನುಸಿಗುಳಿಗೆ. ಅದರಲ್ಲಿ 18 ಮತ್ತು 17 ನಂಬರಿನವು ಎರಡು. ಎರಡರಲ್ಲೂ ಬೆನ್ನಿನ ಹೆಸರಿನ ಮೇಲೆ ಅಗಲವಾದ ಟೇಪು ಅಂಟಿಸಿದೆ. ಬಿಡಿಸಿ ನೋಡಿದರೆ ರಿಚರ್ಡ್ಸ್, ಕಾರ್ಟರ್. ಇಬ್ಬರನ್ನೂ ಒಂದೇ ದಿನ ಮಾರಿದ್ದರು. ಮರುವರ್ಷ ಇಬ್ಬರೂ ಲಾಸ್ ಏಂಜಲೀಸ್ ಪರವಾಗಿ ಕಪ್ ಎತ್ತಿದರು. ಮಾರಿದ ದಿನ ಯಾವುದು ಅಂತ ಕೇಳಬೇಡಿ. 2011ರ ಜೂನ್ 23.

"ಝೆಗ್ರಸ್ ಬಂದದ್ದೂ ಅದೇ ತಾರೀಖು" ಅಂದರು ತಾತ, ಮೆಲ್ಲಗೆ. ಆಮೇಲೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಅನಹೈಮ್‌ನಲ್ಲಿ ಅವನದು 11. ಇಲ್ಲಿ 11 ಈ ತಂಡದ ಕೊನೆಕ್ನಿ ಅನ್ನುವವನ ಹತ್ತಿರ ಇದೆ, ಅವನು ಬಿಡಲ್ಲ. ಶುರುವಿನಲ್ಲಿ 46 ಹಾಕುತ್ತಿದ್ದ, ಅದನ್ನೇ ತಗೋಬಹುದು. 46 ಒಳ್ಳೆಯದಾ, ನಿಮ್ಮಲ್ಲಿ ಸಂಖ್ಯೆ ನೋಡ್ತಾರಂತಲ್ಲ, ಅಂತ ನನ್ನನ್ನೇ ಕೇಳಿದರು. ಒಳ್ಳೆಯದು ಅಂದೆ. ಇನ್ನೇನು ಹೇಳಲಿ?

ಆಗಲೇ ಫೋನ್ ತೆಗೆದು ಆರ್ಡರ್ ಮಾಡೋಕೆ ಕೂತರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಹೆಸರು ಹಾಕಿದರು. ಎರಡು ಸಲ ಓದಿಸಿ ನನ್ನ ಕೈಲಿ ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ನೋಡಿಸಿದರು. ದುಡ್ಡು ಕಟ್ಟುವ ಮುಂಚೆ ಒಂದು ಕ್ಷಣ ತಡೆದರು. ಹಿಂದಕ್ಕೆ ಹೋಗಿ ಇನ್ನೇನೋ ಹುಡುಕಿ ಅದನ್ನೂ ಬುಟ್ಟಿಗೆ ಹಾಕಿದರು.

ಕಿತ್ತಳೆ ಬಣ್ಣದ ಟೇಪು, ಒಂದು ಸುರುಳಿ.