ಹೋರಾಟಕ್ಕೆ ಫೌಂಡೇಶನ್ ದುಡ್ಡು ಬೇಕಾ?

ಅಮೆರಿಕದಲ್ಲಿ ಸಮಾನತೆಗಾಗಿ ಹೋರಾಡುವ ಕಪ್ಪು ಜನರ ಸಂಘಟನೆಗಳು ಸಿರಿವಂತರ ದತ್ತಿ ಸಂಸ್ಥೆಗಳಿಂದ ಹಣ ಪಡೆಯಬೇಕೇ?

ಪರ: ದುಡ್ಡು ಬರಲಿ, ಕೆಲಸ ನಡೆಯಲಿ

ಹೋರಾಟ ಅಂದರೆ ಮೆರವಣಿಗೆ, ಘೋಷಣೆ ಅಷ್ಟೇ ಅಲ್ಲ. ಸಭೆ ನಡೆಸಲು ಜಾಗಕ್ಕೆ ಬಾಡಿಗೆ ಕಟ್ಟಬೇಕು. ಹಳ್ಳಿ ಹಳ್ಳಿ ಸುತ್ತುವ ಹುಡುಗರ ಕಾರಿಗೆ ಪೆಟ್ರೋಲ್ ಹಾಕಿಸಬೇಕು. ಜೈಲು ಸೇರಿದವರಿಗೆ ಜಾಮೀನು ಕೊಡಿಸಬೇಕು. ತಲೆಮಾರುಗಟ್ಟಲೆ ದುಡಿಸಿಕೊಂಡು ಬರಿಗೈಯಲ್ಲಿ ಕೂರಿಸಿದ ಜನರೇ ಇದಕ್ಕೆಲ್ಲ ದುಡ್ಡು ಹೊಂದಿಸಲಿ ಎನ್ನುವುದು ಯಾವ ನ್ಯಾಯ?

ಅಂಚೆ ಮೂಲಕ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ ಕಪ್ಪು ಜನರ ಶಿಕ್ಷಣ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರ ಜೊತೆ ಕೈಜೋಡಿಸಿದರು. ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಕಟ್ಟಿಸುವ ಕೆಲಸ ಶುರುವಾಯಿತು. ಇಪ್ಪತ್ತು ವರ್ಷದಲ್ಲಿ ಎದ್ದು ನಿಂತದ್ದು ಸುಮಾರು 5,000 ಶಾಲೆಗಳು. ಆ ಹಳ್ಳಿಗಳಲ್ಲಿ ಕರೆಂಟ್ ಇರಲಿಲ್ಲ. ಅದಕ್ಕೇ ಪೂರ್ವ, ಪಶ್ಚಿಮದ ಬೆಳಕು ಒಳಗೆ ಬೀಳುವ ಹಾಗೆ ಎತ್ತರದ ಕಿಟಕಿಗಳನ್ನು ಸಾಲಾಗಿ ಇಡುತ್ತಿದ್ದರು. ಅಂಥದ್ದೊಂದು ಶಾಲೆಯಲ್ಲಿ ಓದಿದ ಜಾನ್ ಲೂಯಿಸ್ 1965ರಲ್ಲಿ ಮತದಾನದ ಹಕ್ಕಿಗಾಗಿ ನಡೆದ ನಡಿಗೆಯಲ್ಲಿ, ಅಲಬಾಮಾ ರಾಜ್ಯದ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿಗೆ ತಲೆ ಕೊಟ್ಟರು, ಮುಂದೆ ಸಂಸದರಾದರು. ಇನ್ನೊಂದು ಮಾತು. ರೋಸೆನ್‌ವಾಲ್ಡ್ ತಮ್ಮ ನಿಧಿಯನ್ನು ಶಾಶ್ವತವಾಗಿ ಕೂಡಿಡಲಿಲ್ಲ. ಎಲ್ಲವನ್ನೂ ಖರ್ಚು ಮಾಡಿ ಮುಗಿಸಿ ಎಂದರು. 1948ರಲ್ಲಿ ನಿಧಿ ಬಾಗಿಲು ಹಾಕಿತು. ಕೊಡುವುದಾದರೆ ಹೀಗೆ ಕೊಡಬೇಕು.

1962ರಲ್ಲಿ ಟ್ಯಾಕೋನಿಕ್, ಫೀಲ್ಡ್, ಸ್ಟರ್ನ್ ಫೌಂಡೇಶನ್‌ಗಳ ಹಣದಿಂದ 'ವೋಟರ್ ಎಜುಕೇಶನ್ ಪ್ರಾಜೆಕ್ಟ್' ಶುರುವಾಯಿತು. ಎರಡೂವರೆ ವರ್ಷದಲ್ಲಿ ದಕ್ಷಿಣದಲ್ಲಿ ಸುಮಾರು 6.9 ಲಕ್ಷ ಮಂದಿಯ ಹೆಸರು ಮತದಾರರ ಪಟ್ಟಿ ಸೇರಿತು. 1967ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇದೇ ಕೆಲಸಕ್ಕೆ ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ಅದೇ ವರ್ಷ ಕಾರ್ಲ್ ಸ್ಟೋಕ್ಸ್ ಅಲ್ಲಿ ಮೇಯರ್ ಆದರು. ಅಮೆರಿಕದ ದೊಡ್ಡ ನಗರವೊಂದಕ್ಕೆ ಕಪ್ಪು ಮೇಯರ್ ಆಯ್ಕೆಯಾದದ್ದು ಅದೇ ಮೊದಲು. ಎರಡೇ ವರ್ಷದಲ್ಲಿ ಸಂಸತ್ತು ಕಾನೂನು ಬಿಗಿ ಮಾಡಿತು. ಮತದಾರರ ನೋಂದಣಿಗೆಂದೇ ಫೌಂಡೇಶನ್ ಹಣ ಕೊಡುವುದಾದರೆ ಆ ಕೆಲಸ ಕನಿಷ್ಠ ಐದು ರಾಜ್ಯಗಳಲ್ಲಿ ನಡೆಯಬೇಕು ಎಂದಿತು. ಆ ದುಡ್ಡಿನಿಂದ ಏನೂ ಆಗುತ್ತಿರಲಿಲ್ಲ ಅಂದರೆ ಇಷ್ಟು ಗಾಬರಿ ಯಾಕೆ ಬೀಳಬೇಕಿತ್ತು?

ನಮ್ಮವರಿಗೂ ಇದರಲ್ಲಿ ಋಣ ಇದೆ. ಇವತ್ತು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಕನ್ನಡಿಗರು ಮನೆ ಮಾಡಿಕೊಂಡಿದ್ದರೆ ಅದಕ್ಕೆ 1965ರ ವಲಸೆ ಕಾನೂನು ಕಾರಣ. ಕಪ್ಪು ಜನರ ಹೋರಾಟ ಆ ದೇಶದ ಮನಸ್ಸನ್ನು ಅಲುಗಾಡಿಸದಿದ್ದರೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ. ಆ ಹೋರಾಟಕ್ಕೆ ಯಾರ ದುಡ್ಡು ಪೆಟ್ರೋಲ್ ಹಾಕಿತು ಎಂದು ನಾವು ಮೂಗು ಮುರಿಯುವುದು ಸರಿಯಲ್ಲ.

ವಿರೋಧ: ದುಡ್ಡಿನ ಹಿಂದೆಯೇ ಹಗ್ಗ ಬರುತ್ತದೆ

ರೋಸೆನ್‌ವಾಲ್ಡ್ ಶಾಲೆಗಳ ಕಥೆಯನ್ನು ಪೂರ್ತಿ ಹೇಳೋಣ. ಅವರ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ಕೊಟ್ಟದ್ದು ಸುಮಾರು 47 ಲಕ್ಷ. ತೆರಿಗೆ ಕಟ್ಟಿದ್ದು ಬೇರೆ, ಇದು ಅದರ ಮೇಲೆ! ಹೊಲದಲ್ಲಿ ಒಂದು ತುಂಡು ನೆಲ ಶಾಲೆಗೆಂದೇ ಬಿಟ್ಟು, ಅದರಲ್ಲಿ ಹತ್ತಿ ಬೆಳೆದು ಮಾರಿ ಪಾಲು ಹಾಕಿದವರಿದ್ದಾರೆ. ಜಾಸ್ತಿ ಕೊಟ್ಟವರು ಅವರು. ಶಾಲೆಗಳನ್ನು ಜನ ಗುರುತಿಸುವುದು ಮಾತ್ರ ರೋಸೆನ್‌ವಾಲ್ಡ್ ಹೆಸರಿನಿಂದ.

ವೋಟರ್ ಪ್ರಾಜೆಕ್ಟ್ ಕೂಡ ಸುಮ್ನೆ ಹುಟ್ಟಲಿಲ್ಲ. ಫ್ರೀಡಂ ರೈಡ್ ಮಾಡುತ್ತಿದ್ದ, ಅಂದರೆ ಬಿಳಿಯರು ಕಪ್ಪು ಜನರು ಒಟ್ಟಿಗೆ ಬಸ್ಸಿನಲ್ಲಿ ಹೋಗಿ ವರ್ಣಭೇದವನ್ನು ಮುರಿಯುತ್ತಿದ್ದ ಹುಡುಗರು ಬೀದಿ ಬಿಟ್ಟು ನೋಂದಣಿ ಕಡೆ ತಿರುಗಲಿ ಎಂಬುದು ಕೆನಡಿ ಸರ್ಕಾರದ ಇಷ್ಟವಾಗಿತ್ತು. ಹಣದ ದಾರಿಯೂ ಅತ್ತ ಕಡೆಯೇ ತೆರೆಯಿತು. ಆಮೇಲೆ ಏನಾಯಿತು ನೋಡಿ. ಮಿಸಿಸಿಪ್ಪಿಯಲ್ಲಿ ಹೆಸರು ಬರೆಸಲು ಹೋದವರ ಕೆಲಸ ಹೋಗುತ್ತಿತ್ತು, ಅವರನ್ನು ಕರೆದೊಯ್ಯುವವರ ಮೇಲೆ ಗುಂಡು ಹಾರುತ್ತಿತ್ತು. ಹಾಗಾಗಿ ಪಟ್ಟಿ ಬೆಳೆಯಲಿಲ್ಲ. 1963ರ ನವೆಂಬರ್‌ನಲ್ಲಿ, ಖರ್ಚಿಗೆ ತಕ್ಕ ಫಲ ಇಲ್ಲ ಎಂದು ಪ್ರಾಜೆಕ್ಟ್ ಆ ರಾಜ್ಯಕ್ಕೆ ಹಣ ನಿಲ್ಲಿಸಿತು. ಎಲ್ಲಿ ಜೀವ ಒತ್ತೆ ಇಟ್ಟು ಕೆಲಸ ಮಾಡುತ್ತಿದ್ದರೋ ಅಲ್ಲೇ ಕೈ ಬಿಟ್ಟರು. ಲೆಕ್ಕದ ಪುಸ್ತಕಕ್ಕೆ ಧೈರ್ಯ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಕಾನೂನಿನ ಪ್ರಕಾರ ಇಂಥ ಫೌಂಡೇಶನ್‌ಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು 5% ಖರ್ಚು ಮಾಡಿದರೆ ಸಾಕು. ಅವರ ಸಿಬ್ಬಂದಿಯ ಸಂಬಳವೂ ಬಹುಮಟ್ಟಿಗೆ ಅದರಲ್ಲೇ ಸೇರುತ್ತದೆ. ನೂರು ಡಾಲರಿನಲ್ಲಿ ಉಳಿದ 95 ಡಾಲರ್ ಷೇರುಪೇಟೆಯಲ್ಲಿ ಬೆಳೆಯುತ್ತಿರುತ್ತದೆ. ಕೊಡುವ ಐದು ಡಾಲರಿಗೆ ಅರ್ಜಿ, ವರದಿ, ಮತ್ತೆ ಅರ್ಜಿ. ಜನರ ಮನೆ ಬಾಗಿಲಿಗೆ ಹೋಗಬೇಕಾದ ಸಂಘಟಕಿ ಕಂಪ್ಯೂಟರ್ ಮುಂದೆ ಕೂತು, ಮೂರು ವರ್ಷದಲ್ಲಿ ಅನ್ಯಾಯ ಎಷ್ಟು ಕಮ್ಮಿ ಆಗುತ್ತದೆ ಎಂದು ಕಾಲಂ ತುಂಬುತ್ತಾಳೆ.

ಇನ್ನೊಂದು ದಾರಿ ಇತ್ತು, ಅಲ್ವಾ? ಬಸ್ಸಿನಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಸೀಟು ಎಂಬ ಪದ್ಧತಿಯನ್ನು ವಿರೋಧಿಸಿ ಅಲಬಾಮಾದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್‌ನಿಂದ 381 ದಿನ ಕಪ್ಪು ಜನ ಬಸ್ ಹತ್ತಲಿಲ್ಲ. ಕೆಲಸಕ್ಕೆ ಹೋಗುವವರನ್ನು ಸಾಗಿಸಲು ಕಾರು ಬೇಕು, ಪೆಟ್ರೋಲ್ ಬೇಕು. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಜಾರ್ಜಿಯಾ ಗಿಲ್ಮೋರ್ ಹೆಂಗಸರ ಒಂದು ಗುಂಪು ಕಟ್ಟಿದರು. ಕೇಕು, ಪೈ, ಕೋಳಿ ಸ್ಯಾಂಡ್‌ವಿಚ್ ಮಾಡಿ ಬ್ಯೂಟಿ ಪಾರ್ಲರ್, ಟ್ಯಾಕ್ಸಿ ಸ್ಟ್ಯಾಂಡ್‌ಗಳಲ್ಲಿ ಮಾರುತ್ತಿದ್ದರು. ಸಭೆಯಲ್ಲಿ ದುಡ್ಡು ಒಪ್ಪಿಸುವಾಗ ಎಲ್ಲಿಂದ ಬಂತು ಎಂದರೆ, 'ಎಲ್ಲಿಂದಲೂ ಇಲ್ಲ' ಎಂಬ ಉತ್ತರ. ಗುಂಪಿನ ಹೆಸರೂ ಅದೇ, 'ಕ್ಲಬ್ ಫ್ರಂ ನೋವೇರ್'. ದುಡ್ಡು ಕೊಟ್ಟವರ ಹೆಸರು ಹೊರಗೆ ಬಂದರೆ ಅವರ ಕೆಲಸ ಹೋಗುತ್ತಿತ್ತು. 1956ರಲ್ಲಿ ಈ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ವಿರುದ್ಧದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಅವರ ಕೆಲಸ ಹೋಯಿತು ಕೂಡ. ಕಿಂಗ್ ಒತ್ತಾಸೆಯಿಂದ ಅವರು ಮನೆಯಲ್ಲೇ ಅಡುಗೆ ಮಾಡಿ ಬಡಿಸಲು ಶುರು ಮಾಡಿದರು. ಆ ಊಟದ ಮೇಜಿನ ಸುತ್ತಲೇ ಎಷ್ಟೋ ಹೋರಾಟದ ಮಾತುಕತೆ ನಡೆಯಿತು. ಯಾವ ಅಧಿಕಾರಿಯೂ ಬಂದು ಆ ಹಣ ಹಿಂದಕ್ಕೆ ಕೇಳುವ ಹಾಗಿರಲಿಲ್ಲ.

1990ರ ಮಾರ್ಚ್, ಸೆಲ್ಮಾ ನಡಿಗೆಗೆ 25 ವರ್ಷ. ನೆನಪಿನ ನಡಿಗೆಗೆ ಬರುವವರಿಗೆಂದು ಗಿಲ್ಮೋರ್ ಅಡುಗೆ ಮಾಡುತ್ತಿದ್ದರು. ಅದೇ ಹೊತ್ತಿನಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರಿಗೆ ಮನೆಯವರು ಬಡಿಸಿದ್ದು ಅವರೇ ಮಾಡಿಟ್ಟಿದ್ದ ಊಟ.